ಓರೆಯಾಗಿ ಕೂತ ಪಿನ್: ಪೂಲ್ ಕ್ಯೂ ಜೋಡಣೆಯ ರಂಧ್ರವೊಂದರ ಪ್ರಕರಣ ಅಧ್ಯಯನ

ಪೂಲ್ ಆಟದ ಕ್ಯೂ ಸಾಮಾನ್ಯವಾಗಿ 58 ಇಂಚು, ಅಂದರೆ ಸುಮಾರು 147 ಸೆಂ.ಮೀ. ಉದ್ದವಿರುತ್ತದೆ ಮತ್ತು ನಡುವೆ ಎರಡಾಗಿ ಬಿಚ್ಚಿಕೊಳ್ಳುತ್ತದೆ. ಕೈಯಲ್ಲಿ ಹಿಡಿಯುವ ದಪ್ಪ ಭಾಗ ಬಟ್. ಚೆಂಡಿಗೆ ತಾಗುವ ತುದಿಯುಳ್ಳ ಸಪೂರ ಭಾಗ ಶಾಫ್ಟ್. ಬಟ್‌ನ ಮುಂತುದಿಯಿಂದ ಹೊರಚಾಚಿರುವ ಥ್ರೆಡ್ ಪಿನ್, ಅಂದರೆ ಮೈಮೇಲೆ ತಿರುಪಿನ ಸುರುಳಿಯುಳ್ಳ ಲೋಹದ ಕಡ್ಡಿ, ಶಾಫ್ಟ್‌ನೊಳಗಿನ ರಂಧ್ರದಲ್ಲಿ ತಿರುಗಿ ಕೂತು ಎರಡನ್ನೂ ಒಂದೇ ಕೋಲಾಗಿಸುತ್ತದೆ. ಈ ಅಧ್ಯಯನ ಅಂಥ ಒಂದು ಪಿನ್‌ಗೆ ಸಂಬಂಧಿಸಿದ್ದು. ಅದನ್ನು ಕೂರಿಸಿದ್ದ ರಂಧ್ರ ದುಂಡಗಿತ್ತು, ನೇರವಾಗಿತ್ತು, ಅಳತೆಗೂ ಸರಿಯಾಗಿತ್ತು. ಆದರೂ ಕ್ಯೂ ಸೊಟ್ಟಗಿತ್ತು. ಪ್ರಕರಣವನ್ನು ವಿವರವಾಗಿ ದಾಖಲಿಸಲು ಈ ವಿರೋಧಾಭಾಸವೇ ಕಾರಣ.

ಕ್ಯೂ ಬೆಂಗಳೂರಿನ ಕ್ಲಬ್ ಆಟಗಾರರೊಬ್ಬರದು. ಬಟ್‌ನ ಮುಂಭಾಗ ಬೀಟೆ ಮರದ್ದು, ಶಾಫ್ಟ್ ಉತ್ತರ ಅಮೆರಿಕದ ಹಾರ್ಡ್ ಮೇಪಲ್‌ನದು. ಜೋಡಣೆಯ ಬಳಿ ಎರಡರ ವ್ಯಾಸವೂ 21.4 ಮಿ.ಮೀ. ಪಿನ್ ಸ್ಟೇನ್‌ಲೆಸ್ ಸ್ಟೀಲಿನದು; ಕ್ಯೂ ತಯಾರಕರು 3/8-10 ಎಂದು ಕರೆಯುವ ಅಳತೆಯದು, ಅಂದರೆ ಹೊರವ್ಯಾಸ 3/8 ಇಂಚು ಅಥವಾ 9.525 ಮಿ.ಮೀ., ಇಂಚಿಗೆ 10 ಥ್ರೆಡ್. ಹಳೆಯ ಪಿನ್ ಸಡಿಲವಾಗಿದ್ದರಿಂದ ಬೇರೊಂದು ಕಡೆ ಅದನ್ನು ಬದಲಾಯಿಸಲಾಗಿತ್ತು, ಅಲ್ಲಿಂದಲೇ ತೊಂದರೆ ಶುರುವಾಗಿತ್ತು. ಎಷ್ಟು ಬಿಗಿ ಮಾಡಿದರೂ ಜೋಡಣೆಯ ಒಂದು ಬದಿಯಲ್ಲಿ ಕೂದಲೆಳೆಯಷ್ಟು ಬೆಳಕು ಕಾಣುತ್ತದೆ, ಜೋರಾಗಿ ಹೊಡೆದಾಗ ಕೈಗೆ ಒಂದು ಬಗೆಯ ಝೇಂಕಾರ ಬರುತ್ತದೆ ಎಂಬುದು ನಮ್ಮ ಕಾರ್ಯಾಗಾರಕ್ಕೆ ಬಂದ ಅವರ ದೂರು.

ಮೊದಲ ಪರೀಕ್ಷೆಗೆ ಯಂತ್ರದ ಅಗತ್ಯವಿರಲಿಲ್ಲ. ಬಟ್ ಮತ್ತು ಶಾಫ್ಟ್‌ಗಳನ್ನು ಬೇರೆಬೇರೆಯಾಗಿ ಮೇಜಿನ ಸಮತಟ್ಟಾದ ಸ್ಲೇಟಿನ ಮೇಲೆ ಉರುಳಿಸಿದಾಗ ಎರಡೂ ನೆಟ್ಟಗೆ ಉರುಳಿದವು. ಜೋಡಿಸಿ ಉರುಳಿಸಿದಾಗ ಮಾತ್ರ ಶಾಫ್ಟ್‌ನ ತುದಿ ಎದ್ದು ಬಿದ್ದು ಸುಮಾರು ಮೂರೂವರೆ ಮಿ.ಮೀ. ಓಲಾಡಿತು. ತಪ್ಪು ಯಾವ ಅರ್ಧದಲ್ಲಿದೆ ಎಂಬುದು ಮುಂದಿನ ಪ್ರಶ್ನೆ. ಇದೇ ಅಳತೆಯ ಪಿನ್ ಇರುವ, ಸರಿಯೆಂದು ಖಾತ್ರಿಯಾಗಿರುವ ಇನ್ನೊಂದು ಕ್ಯೂ ಇದ್ದರೆ ಇದಕ್ಕೆ ಉತ್ತರ ಸುಲಭ. ಈ ಆಟಗಾರರ ಶಾಫ್ಟನ್ನು ಅಂಥ ಕ್ಯೂವಿನ ಬಟ್‌ಗೆ ಹಾಕಿದಾಗ ಬೆಳಕು ಕಾಣಲಿಲ್ಲ. ಆ ಕ್ಯೂವಿನ ಶಾಫ್ಟನ್ನು ಇವರ ಬಟ್‌ಗೆ ಹಾಕಿದಾಗ ಬೆಳಕು ಅದೇ ಬದಿಯಲ್ಲಿ ಮತ್ತೆ ಕಾಣಿಸಿತು. ಹೀಗಾಗಿ ದೋಷ ಬಟ್‌ನದು ಎಂದು ತೀರ್ಮಾನವಾಯಿತು. ಇವರ ಶಾಫ್ಟ್ ಮಾತ್ರ ಎರಡೂ ಬಟ್‌ಗಳಲ್ಲಿ ಮೊದಲ ಕೆಲವು ಸುತ್ತು ಸಡಿಲವಾಗಿ ಹೋಗುತ್ತಿತ್ತು; ಆ ಸಂಗತಿಯನ್ನು ಗುರುತು ಹಾಕಿಕೊಂಡು ಮುಂದುವರಿದೆವು.

ಬಟ್ಟನ್ನು ಲೇತ್‌ಗೆ (ತಿರುಗಿಸಿ ಕಡೆಯುವ ಯಂತ್ರಕ್ಕೆ) ಏರಿಸಿ, ಅದರ ಎರಡೂ ತುದಿಗಳು ಯಂತ್ರದ ತಿರುಗುವ ಟೊಳ್ಳು ದಂಡವಾದ ಸ್ಪಿಂಡಲ್‌ನ ಅಕ್ಷದ ಮೇಲಿವೆಯೆಂದು, ಸೂಕ್ಷ್ಮ ಅಲುಗಾಟವನ್ನು ಮುಳ್ಳಿನಿಂದ ತೋರಿಸುವ ಡಯಲ್ ಗೇಜ್‌ನಿಂದ ಖಚಿತಪಡಿಸಿಕೊಂಡ ನಂತರ ಪಿನ್ನನ್ನು ಅಳೆದೆವು. ಪಿನ್ನಿನ ಬುಡದಲ್ಲಿ ಗೇಜ್‌ನ ಮುಳ್ಳು ಒಂದು ಸುತ್ತಿಗೆ 0.04 ಮಿ.ಮೀ. ಮಾತ್ರ ಆಡಿತು. ಬುಡದಿಂದ 28 ಮಿ.ಮೀ. ದೂರದ ತುದಿಯಲ್ಲಿ ಅದೇ ಮುಳ್ಳು 0.50 ಮಿ.ಮೀ. ಆಡಿತು. ಬಟ್‌ನ ಮುಖ, ಅಂದರೆ ಶಾಫ್ಟ್ ಬಂದು ಒರಗುವ ಸಮತಟ್ಟು, ಕೇವಲ 0.01 ಮಿ.ಮೀ. ವ್ಯತ್ಯಾಸ ತೋರಿಸಿತು. ಮುಖ ಸರಿಯಿದೆ, ಪಿನ್ನಿನ ಬುಡವೂ ನಡುವಿನಲ್ಲೇ ಇದೆ, ಆದರೆ ಪಿನ್ ವಾಲಿದೆ ಎಂದಾಯಿತು.

ಇಲ್ಲಿ ಒಂದು ಲೆಕ್ಕ ಅಗತ್ಯ. ಗೇಜ್ ತೋರಿಸುವುದು ಎರಡೂ ಬದಿಗಳ ಒಟ್ಟು ಆಟವಾದ್ದರಿಂದ, 0.50 ಎಂದರೆ ಅಕ್ಷದಿಂದ 0.25 ಮಿ.ಮೀ. ಸರಿದಿದೆ ಎಂದರ್ಥ. 28 ಮಿ.ಮೀ.ಗೆ 0.25 ಎಂದರೆ ಸುಮಾರು ಅರ್ಧ ಡಿಗ್ರಿ. ಕಣ್ಣಿಗೆ ಕಾಣದ ಈ ಓರೆಯಲ್ಲಿ ಪಿನ್ನೊಂದೇ ಶಾಫ್ಟ್‌ಗೆ ದಾರಿ ತೋರಿಸಿದ್ದರೆ, 29 ಇಂಚು ದೂರದಲ್ಲಿರುವ ಕ್ಯೂ ತುದಿ ಆರೂವರೆ ಮಿ.ಮೀ. ಪಕ್ಕಕ್ಕೆ ಹೋಗುತ್ತಿತ್ತು. ಆದರೆ ಬಿಗಿ ಮಾಡಿದಾಗ ಎರಡು ಮುಖಗಳು ಪರಸ್ಪರ ಒತ್ತಿ ಶಾಫ್ಟನ್ನು ನೇರಕ್ಕೆ ಎಳೆಯುತ್ತವೆ, ಮೇಪಲ್‌ನೊಳಗಿನ ಥ್ರೆಡ್ ಸ್ವಲ್ಪ ಜಜ್ಜಿಹೋಗಿ ಅದಕ್ಕೆ ಎಡೆಮಾಡಿಕೊಡುತ್ತದೆ. ಇಲ್ಲಿ ಪೂರ್ತಿ ಬಿಗಿ ಮಾಡಿದ ಮೇಲೂ ಒಂದು ಬದಿಯಲ್ಲಿ 0.05 ಮಿ.ಮೀ. ದಪ್ಪದ ಫೀಲರ್ ಗೇಜ್ (ಸಂದು ಅಳೆಯುವ ತೆಳು ಲೋಹದ ಎಲೆ) ತೂರುತ್ತಿತ್ತು. 21.4 ಮಿ.ಮೀ. ವ್ಯಾಸಕ್ಕೆ 0.05 ಎಂದರೆ ಕ್ಯೂ ತುದಿಯಲ್ಲಿ ಸುಮಾರು 1.7 ಮಿ.ಮೀ.; ಉರುಳಿಸಿದಾಗ ಅದು ಇಮ್ಮಡಿಯಾಗಿ ಮೂರೂವರೆಯ ಹತ್ತಿರ ಕಾಣಬೇಕು. ನಾವು ಮೇಜಿನ ಮೇಲೆ ಕಂಡದ್ದೂ ಅಷ್ಟೇ. ಅಳತೆ ಮತ್ತು ರೋಗಲಕ್ಷಣ ಹೀಗೆ ತಾಳೆಯಾದ ಮೇಲೆಯೇ ಪಿನ್ ಕೀಳಲು ಕೈಹಾಕಿದೆವು. ಕಾರಣ ಗೊತ್ತಿಲ್ಲದೆ ಕೀಳುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಪಿನ್ ಹೊರಬಂದ ಕ್ಷಣವೇ ಸಾಕ್ಷ್ಯದ ಅರ್ಧಭಾಗ ಹೋಗಿರುತ್ತದೆ.

ಪಿನ್ನಿನ ತುದಿಗೆ ಬೆಸುಗೆ ಹಾಕುವ ಸಾಲ್ಡರಿಂಗ್ ಐರನ್ ಒತ್ತಿ ಹಿಡಿದು ಕಾಯಿಸಿದಾಗ ಒಳಗಿನ ಎಪಾಕ್ಸಿ ಅಂಟು ಮೆತ್ತಗಾಯಿತು. ಸೀಳಿದ ಹಿತ್ತಾಳೆ ನಟ್‌ನಲ್ಲಿ ಹಿಡಿದು ನಿಧಾನವಾಗಿ ತಿರುಗಿಸಿ ಹೊರತೆಗೆದೆವು. ಖಾಲಿಯಾದ ರಂಧ್ರದೊಳಗೆ ಲೀವರ್ ಮಾದರಿಯ ಡಯಲ್ ಇಳಿಸಿ ಮೂರು ಆಳಗಳಲ್ಲಿ ಅಳೆದಾಗ ಬಾಯಿಯಲ್ಲಿ 0.04, 20 ಮಿ.ಮೀ. ಆಳದಲ್ಲಿ 0.37, 40 ಮಿ.ಮೀ. ಆಳದ ತಳದಲ್ಲಿ 0.70 ಮಿ.ಮೀ. ಸಿಕ್ಕಿತು.

ಇಡೀ ಪ್ರಕರಣದ ಕೀಲಿ ಈ ಮೂರು ಅಂಕಿಗಳಲ್ಲಿದೆ. ಮರದ ತುದಿಗೆ ರಂಧ್ರ ಕೊರೆಯುವಾಗ ಡ್ರಿಲ್ ಬಿಟ್ ದಾರಿ ತಪ್ಪುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ವಾರ್ಷಿಕ ಉಂಗುರಗಳಲ್ಲಿ ಮೆದು ಪದರ ಮತ್ತು ಗಟ್ಟಿ ಪದರ ಒಂದಾದ ಮೇಲೊಂದು ಬರುವುದರಿಂದ ಬಿಟ್‌ನ ಮೊನೆ ಮೆದುವಿನ ಕಡೆಗೆ ಜಾರುತ್ತದೆ, ತೆಳ್ಳಗಿನ ಬಿಟ್ ಬಾಗುತ್ತದೆ, ಒಮ್ಮೆ ಬಾಗಿದ ಮೇಲೆ ತಾನೇ ತೋಡಿಕೊಂಡ ದಾರಿಯಲ್ಲಿ ಮುಂದುವರಿಯುತ್ತದೆ. ಆದರೆ ಹಾಗೆ ಆದಾಗ ರಂಧ್ರ ಬಾಗಿರುತ್ತದೆ. ಆಳಕ್ಕೆ ಹೋದಂತೆ ತಪ್ಪು ಬೇಗಬೇಗ ಬೆಳೆಯುತ್ತದೆ. ಇಲ್ಲಿ 20 ಮಿ.ಮೀ.ಗೆ 0.33, ಮುಂದಿನ 20 ಮಿ.ಮೀ.ಗೂ 0.33 ಬೆಳೆದಿದೆ. ಇದು ಗೆರೆ ಎಳೆದಷ್ಟು ನೇರವಾದ ರಂಧ್ರ. ಕೊರೆದವರ ಉಪಕರಣ ಚೆನ್ನಾಗಿಯೇ ಕೆಲಸ ಮಾಡಿದೆ. ತಪ್ಪಿದ್ದುದು ಕೊರೆತದಲ್ಲಲ್ಲ, ಕೊರೆಯುವಾಗ ಬಟ್ ಕೂತಿದ್ದ ಭಂಗಿಯಲ್ಲಿ.

ಹೇಗೆಂದರೆ, ಬಟ್ಟನ್ನು ಸ್ಪಿಂಡಲ್‌ನ ಒಳಗೆ ತೂರಿಸಿ ಮುಂದಿನ ಚಕ್‌ನಲ್ಲಿ (ದವಡೆಗಳಿಂದ ಕಚ್ಚಿಹಿಡಿಯುವ ಭಾಗದಲ್ಲಿ) ಮಾತ್ರ ಹಿಡಿದರೆ, ಮುಂತುದಿ ನಡುವಿನಲ್ಲೇ ಸುತ್ತುತ್ತದೆ, ಗೇಜ್ ಕೂಡ ಅಲ್ಲಿ ಸರಿ ಎಂದೇ ಹೇಳುತ್ತದೆ. ಹಿಂತುದಿ ಮಾತ್ರ ಸ್ಪಿಂಡಲ್‌ನ ಟೊಳ್ಳಿನಲ್ಲಿ ಎಲ್ಲೋ ಒರಗಿಕೊಂಡಿರುತ್ತದೆ. ಟೊಳ್ಳು ಅಗಲವಾಗಿರುವ ದೊಡ್ಡ ಲೇತ್‌ನಲ್ಲಿ ಅದು ಆರು ಮಿ.ಮೀ. ಪಕ್ಕಕ್ಕೆ ಕೂತಿದ್ದರೂ ಸಾಕು, ಅರ್ಧ ಡಿಗ್ರಿಯ ಓರೆ ತಾನಾಗಿ ಬರುತ್ತದೆ. ಚಕ್‌ನ ದವಡೆಗಳು ಚಿಕ್ಕವು, ಬಟ್ ಉದ್ದವಾದದ್ದು ಮತ್ತು ಹಿಂದಕ್ಕೆ ದಪ್ಪವಾಗುತ್ತ ಹೋಗುವಂಥದ್ದು. ದವಡೆಗಳು ಅದನ್ನು ಒಂದು ಬಳೆಯ ಮೇಲೆ ಹಿಡಿಯುತ್ತವೆಯೇ ಹೊರತು ಅದರ ದಿಕ್ಕನ್ನು ನಿರ್ಧರಿಸುವುದಿಲ್ಲ. ಮುಖ ಸರಿಯಾಗಿದ್ದುದು ಇನ್ನೊಂದು ಸುಳಿವು ನೀಡಿತು. ಇದೇ ಹಿಡಿತದಲ್ಲಿ ಮುಖವನ್ನೂ ಸವರಿದ್ದರೆ ಅದೂ ಪಿನ್ನಿನಷ್ಟೇ ವಾಲಿರುತ್ತಿತ್ತು, ಬೆಳಕು ಕಾಣುತ್ತಲೇ ಇರಲಿಲ್ಲ, ಕ್ಯೂ ಮಾತ್ರ ಪೂರ್ತಿ ಆರೂವರೆ ಮಿ.ಮೀ. ಸೊಟ್ಟಗಾಗುತ್ತಿತ್ತು. ಮುಖ ಒಂದು ಹಿಡಿತದಲ್ಲಿ, ರಂಧ್ರ ಇನ್ನೊಂದರಲ್ಲಿ ಆಗಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ರಂಧ್ರದ ನಿಖರತೆ ಎಂದೊಡನೆ ಒಳ್ಳೆಯ ಬೋರಿಂಗ್ ಬಾರ್ (ರಂಧ್ರದ ಗೋಡೆ ಕೆರೆದು ಅಗಲಿಸುವ ಉಪಕರಣ), ಒಳ್ಳೆಯ ಟ್ಯಾಪ್ (ರಂಧ್ರದೊಳಗೆ ಥ್ರೆಡ್ ಕತ್ತರಿಸುವ ಉಪಕರಣ) ಎಂದು ಮಾತು ಶುರುವಾಗುವುದನ್ನು ನಾನು ಬಹಳ ಕಡೆ ಕೇಳಿದ್ದೇನೆ. ಬೋರಿಂಗ್ ಬಾರ್‌ನ ಬಗ್ಗೆ ನನಗೂ ಗೌರವವಿದೆ. ಆದರೆ ಈ ಬಟ್ಟನ್ನು ಆ ಭಂಗಿಯಲ್ಲಿ ಹಿಡಿದು ಅತ್ಯುತ್ತಮ ಬೋರಿಂಗ್ ಬಾರ್ ಹಾಕಿದ್ದರೂ ಇದೇ ಓರೆ ರಂಧ್ರ, ಇನ್ನಷ್ಟು ನುಣುಪಾಗಿ, ಬರುತ್ತಿತ್ತು.

ರಿಪೇರಿಗಾಗಿ ನಾವು ಬಟ್ಟನ್ನು ಎರಡು ಚಕ್‌ಗಳಲ್ಲಿ ಹಿಡಿದೆವು: ಒಂದು ಸ್ಪಿಂಡಲ್‌ನ ಮುಂದೆ, ಇನ್ನೊಂದು ಹಿಂದೆ. ದವಡೆಗಳು ಮರವನ್ನು ಕಚ್ಚದಂತೆ ಎರಡೂ ಕಡೆ ಸೀಳಿದ ನೈಲಾನ್ ಕೊಲೆಟ್‌ಗಳನ್ನು (ಹಿಡಿತದ ಬಳೆಗಳನ್ನು) ಹಾಕಿದೆವು. ಡಯಲನ್ನು ಮುಂತುದಿಯಲ್ಲೊಮ್ಮೆ, ಸ್ಪಿಂಡಲ್‌ನ ಹಿಂದೆ ಹೊರಚಾಚಿದ ಭಾಗದಲ್ಲೊಮ್ಮೆ ಇಟ್ಟು, ಎರಡೂ ಕಡೆ 0.02 ಮಿ.ಮೀ.ಗಿಂತ ಕಡಿಮೆಯಾಗುವವರೆಗೆ ಹಿಂದಿನ ಚಕ್ಕನ್ನು ಸರಿಪಡಿಸಿದೆವು. ಒಂದು ತುದಿಯನ್ನು ಸರಿಪಡಿಸಿದಾಗ ಇನ್ನೊಂದು ಸ್ವಲ್ಪ ಕೆಡುತ್ತದೆ, ಆದ್ದರಿಂದ ಹಿಂದೆ ಮುಂದೆ ಹಲವು ಸಲ ಓಡಾಡಬೇಕಾಗುತ್ತದೆ. ಕೆಲಸದ ಹೆಚ್ಚಿನ ಸಮಯ ಹೋಗಿದ್ದು ಇಲ್ಲಿಯೇ, ಹೋಗಬೇಕಾದದ್ದೂ ಇಲ್ಲಿಯೇ. ಇದಾದ ಮೇಲೆ ಮುಖ ಸವರಿ ಮುಗಿಸುವವರೆಗೆ ಚಕ್ ಸಡಿಲಿಸುವಂತಿಲ್ಲ ಎಂಬುದು ನಮ್ಮಲ್ಲಿ ಕಟ್ಟುನಿಟ್ಟಿನ ನಿಯಮ. ಎಪಾಕ್ಸಿ ಗಟ್ಟಿಯಾಗಲು ರಾತ್ರಿಯಿಡೀ ಬೇಕೆಂದರೆ ಲೇತ್ ರಾತ್ರಿಯಿಡೀ ಕಾಯಬೇಕು.

ಹಳೆಯ ಓರೆ ರಂಧ್ರವನ್ನು ಮೊದಲು ಇಲ್ಲವಾಗಿಸಬೇಕಿತ್ತು. ತಳದಲ್ಲಿ ಅದು 0.35 ಮಿ.ಮೀ. ಸರಿದಿದ್ದರಿಂದ, ಥ್ರೆಡ್‌ನ ಗುರುತು ಪೂರ್ತಿ ಹೋಗಲು 10.25 ಮಿ.ಮೀ. ವ್ಯಾಸವಾದರೂ ಬೇಕು. ನಾವು 12.7 ಮಿ.ಮೀ.ಗೆ ಬೋರ್ ಮಾಡಿದೆವು, ಸುತ್ತಲೂ 4.35 ಮಿ.ಮೀ. ಬೀಟೆ ಉಳಿಯಿತು. ಅದರೊಳಗೆ ಎಳೆ ಉದ್ದಕ್ಕೆ ಹೋಗುವಂತೆ ಕಡೆದ ಮೇಪಲ್ ಬೆಣೆಯನ್ನು, ಅಂಟು ಹೊರಬರಲು ಪಕ್ಕದಲ್ಲೊಂದು ಸಣ್ಣ ಕಾಲುವೆ ತೋಡಿ, ಅಂಟಿಸಿ ಗಟ್ಟಿಯಾಗಲು ಬಿಟ್ಟೆವು.

ಹೊಸ ರಂಧ್ರದ ವ್ಯಾಸ ಎಷ್ಟಿರಬೇಕು ಎಂಬಲ್ಲಿ ಲೋಹದ ಕೆಲಸದಿಂದ ಬಂದವರು ಎಡವುವುದುಂಟು. ಹೊರವ್ಯಾಸದಿಂದ ಒಂದು ಪಿಚ್ (ಒಂದು ಥ್ರೆಡ್‌ನಿಂದ ಮುಂದಿನದಕ್ಕಿರುವ ದೂರ) ಕಳೆದರೆ ಟ್ಯಾಪ್‌ಗೆ ಮೊದಲು ಹಾಕಬೇಕಾದ ಡ್ರಿಲ್‌ನ ಅಳತೆ ಸಿಗುತ್ತದೆ ಎಂಬುದು ರೂಢಿಯ ಸೂತ್ರ. ಇಂಚಿಗೆ 10 ಥ್ರೆಡ್ ಎಂದರೆ ಪಿಚ್ 2.54 ಮಿ.ಮೀ.; 9.525ರಿಂದ ಕಳೆದರೆ 6.985. ಆದರೆ 3/8 ಇಂಚಿನ ಸಾಮಾನ್ಯ ಬೋಲ್ಟ್‌ಗೆ ಇಂಚಿಗೆ 16 ಅಥವಾ 24 ಥ್ರೆಡ್ ಇರುತ್ತದೆ, 10 ಇರುವುದಿಲ್ಲ. ಇದು ಕ್ಯೂಗೆಂದೇ ಮಾಡಿದ ಪಿನ್. ಇದರ ಥ್ರೆಡ್ ಆಳವಿಲ್ಲ, ಥ್ರೆಡ್‌ಗಳ ನಡುವಿನ ತಗ್ಗು ಚಪ್ಪಟೆಯಾಗಿದೆ. ನಮ್ಮ ಕೈಯಲ್ಲಿದ್ದ ಹೊಸ ಪಿನ್ನಿನ ಒಳವ್ಯಾಸ, ಅಂದರೆ ಆ ತಗ್ಗಿನಲ್ಲಿರುವ ವ್ಯಾಸ, ಮೈಕ್ರೋಮೀಟರ್‌ನಲ್ಲಿ 7.70 ಬಂತು. ಸೂತ್ರ ನಂಬಿ 7 ಮಿ.ಮೀ. ರಂಧ್ರ ಮಾಡಿದ್ದರೆ ಪಿನ್ ನಡುವೆಯೇ ಸಿಕ್ಕಿಕೊಳ್ಳುತ್ತಿತ್ತು, ಒತ್ತಾಯಿಸಿದರೆ ಮರ ಸೀಳುತ್ತಿತ್ತು. ಪಿನ್ನಿನಿಂದ ಪಿನ್ನಿಗೆ ಈ ಒಳವ್ಯಾಸ ತುಸು ಬದಲಾಗುವುದರಿಂದ, ಪಿನ್ನನ್ನು ಅಳೆಯದೆ ರಂಧ್ರಕ್ಕೆ ಕೈಹಾಕುವಂತಿಲ್ಲ.

ಮೊದಲು ಗಿಡ್ಡನೆಯ ಸೆಂಟರ್ ಡ್ರಿಲ್, ಆಮೇಲೆ 6.5 ಮಿ.ಮೀ. ಡ್ರಿಲ್. ಉಳಿದ 1.2 ಮಿ.ಮೀ. ತೆಗೆದದ್ದು ಬೋರಿಂಗ್ ಬಾರ್. ಡ್ರಿಲ್ ಮರದ ಎಳೆಯ ಮಾತು ಕೇಳಿ ಎಲ್ಲಾದರೂ ಸ್ವಲ್ಪ ಸರಿದಿದ್ದರೆ ಅದನ್ನು ತಿದ್ದುವ ಕೆಲಸ ಇದರದು. ಒಂದೇ ಮೊನೆಯ ಬಾರ್‌ಗೆ ಹಳೆಯ ರಂಧ್ರದ ಗೋಡೆಯ ಆಸರೆ ಬೇಕಿಲ್ಲ; ಲೇತ್‌ನ ಸ್ಲೈಡ್ ಹೋದ ದಾರಿಯಲ್ಲಿ ಅದು ಹೋಗುತ್ತದೆ. ತೊಂದರೆಯೆಂದರೆ 7.7 ಮಿ.ಮೀ. ರಂಧ್ರದೊಳಗೆ ಹೋಗಲು ಬಾರ್ ಐದೂವರೆ ಮಿ.ಮೀ.ಗಿಂತ ದಪ್ಪವಿರುವಂತಿಲ್ಲ, 40 ಮಿ.ಮೀ. ಆಳಕ್ಕೆ ಅದು 45 ಮಿ.ಮೀ. ಹೊರಚಾಚಬೇಕು. ದಪ್ಪದ ಎಂಟರಷ್ಟು ಉದ್ದ ಚಾಚಿದ ಉಕ್ಕಿನ ಬಾರ್ ಬಾಗುತ್ತದೆ. ಆದ್ದರಿಂದ ಗಟ್ಟಿ ಕಾರ್ಬೈಡ್ ಬಾರ್ ಬಳಸಿದೆವು, ಒಂದು ಸಲಕ್ಕೆ ಬಹಳ ತೆಳ್ಳಗೆ ಕೆರೆದೆವು, ಕೊನೆಯಲ್ಲಿ ಕ್ರಾಸ್ ಸ್ಲೈಡ್ (ಉಪಕರಣವನ್ನು ಅಡ್ಡಕ್ಕೆ ಸರಿಸುವ ಭಾಗ) ಮುಟ್ಟದೆ ಅದೇ ಅಳತೆಯಲ್ಲಿ ಬಾರನ್ನು ಮತ್ತೆ ಮತ್ತೆ ಓಡಿಸಿದೆವು. ಕೊನೆಗೆ ಹುಡಿಯಷ್ಟೂ ಬಾರದೆ ಹೋದಾಗ ಬಾರ್‌ನ ಬಾಗು ತೀರಿದೆಯೆಂದು ತಿಳಿಯಬಹುದು. ಅದೇ ಬಾರ್‌ನಿಂದ ರಂಧ್ರದ ಬಾಯಿಯನ್ನು ಮೊದಲ 6 ಮಿ.ಮೀ.ವರೆಗೆ ಪಿನ್ನಿನ ಹೊರವ್ಯಾಸಕ್ಕೆ ಸರಿಯಾಗಿ ಅಗಲಿಸಿದೆವು. ಪಿನ್ನನ್ನು ನಡುವಿನಲ್ಲಿ ನಿಲ್ಲಿಸುವುದು ಈ ನುಣುಪಾದ ಬಳೆ ಮತ್ತು ಒಳಗಿನ ಬೋರ್. ಥ್ರೆಡ್‌ನ ಕೆಲಸ ಎಳೆದು ಹಿಡಿಯುವುದು. ನೇರವಾಗಿ ನಿಲ್ಲಿಸುವ ಭಾರವನ್ನು ಅದರ ಮೇಲೆ ಹಾಕಬಾರದು.

ಥ್ರೆಡ್ ಮಾಡಲು ಟ್ಯಾಪ್ ಬಳಸುವುದೂ ಉಂಟು. ಟ್ಯಾಪ್ ತಾನು ಹೊಕ್ಕ ರಂಧ್ರದ ದಾರಿಯನ್ನೇ ಹಿಡಿಯುತ್ತದೆ. ಬೋರ್ ಸರಿಯಿದ್ದರೆ ಟ್ಯಾಪ್ ಸರಿ ಹೋಗುತ್ತದೆ, ಓರೆಯಿದ್ದರೆ ತಿದ್ದುವ ಶಕ್ತಿ ಅದಕ್ಕಿಲ್ಲ. ಆದರೆ ಮರದ ಎಳೆಗಳ ಉದ್ದಕ್ಕೆ ಹೋಗುವ ರಂಧ್ರದಲ್ಲಿ ಟ್ಯಾಪ್‌ನ ಹಲ್ಲುಗಳು ಎಳೆಯನ್ನು ಕತ್ತರಿಸುವುದಕ್ಕಿಂತ ಕಿತ್ತುಹಾಕುವುದೇ ಹೆಚ್ಚು. ಹಾಗಾಗಿ ನಾವು ಕ್ರಾಸ್ ಸ್ಲೈಡ್ ಮೇಲೆ ವೇಗವಾಗಿ ತಿರುಗುವ ಚಿಕ್ಕ ಸ್ಪಿಂಡಲ್ ಕೂರಿಸಿ, ಅದಕ್ಕೆ 6 ಮಿ.ಮೀ. ವ್ಯಾಸದ ಥ್ರೆಡ್ ಕಟರ್ ಹಾಕಿ, ಬಟ್ಟನ್ನು ಲೇತ್‌ನ ಹಿಂದಿನ ಕೈಹಿಡಿಯಿಂದ ನಿಧಾನವಾಗಿ ತಿರುಗಿಸುತ್ತ ಥ್ರೆಡ್ ಕತ್ತರಿಸಿದೆವು. ಕಟರ್ ವೇಗವಾಗಿ ತಿರುಗುವುದರಿಂದ ಎಳೆ ಕಿತ್ತುಬರುವುದಿಲ್ಲ.

ಇಲ್ಲಿ ಒಂದು ಯಾಂತ್ರಿಕ ತೊಡಕಿದೆ. ನಮ್ಮ ಲೇತ್‌ನ ಲೀಡ್ ಸ್ಕ್ರೂ (ಉಪಕರಣವನ್ನು ಉದ್ದಕ್ಕೆ ಸರಿಸುವ ತಿರುಪು) ಮೆಟ್ರಿಕ್ ಅಳತೆಯದು. ಹತ್ತಿರದ ಮೆಟ್ರಿಕ್ ಪಿಚ್ 2.5 ಮಿ.ಮೀ. ಎಂದು ಅದನ್ನೇ ಹಾಕಿಬಿಡುವ ಆಸೆ ಹುಟ್ಟುವುದು ಸಹಜ, ಏಕೆಂದರೆ ವ್ಯತ್ಯಾಸ 0.04 ಮಿ.ಮೀ. ಮಾತ್ರ. ಆದರೆ ಹನ್ನೊಂದು ಸುತ್ತಿಗೆ ಅದು 0.44 ಮಿ.ಮೀ. ಆಗುತ್ತದೆ, ಪಿನ್ ಅರ್ಧದಲ್ಲೇ ಬಿಗಿದು ನಿಲ್ಲುತ್ತದೆ. ಸರಿಯಾದ 2.54 ಬರಬೇಕಾದರೆ ಗೇರ್ ಸರಣಿಯಲ್ಲಿ 127 ಹಲ್ಲಿನ ಗೇರ್ ಇರಲೇಬೇಕು, ಏಕೆಂದರೆ 2.54 ಎಂದರೆ 127 ಭಾಗಿಸು 50, ಮತ್ತು 127 ಅವಿಭಾಜ್ಯ ಸಂಖ್ಯೆಯಾದ್ದರಿಂದ ಚಿಕ್ಕ ಗೇರ್‌ಗಳಿಂದ ಅದನ್ನು ಕಟ್ಟಲಾಗುವುದಿಲ್ಲ. ಅಲ್ಲದೆ ಮೆಟ್ರಿಕ್ ಸ್ಕ್ರೂನಿಂದ ಇಂಚಿನ ಥ್ರೆಡ್ ಕತ್ತರಿಸುವಾಗ ಆ ಸ್ಕ್ರೂವನ್ನು ಕಚ್ಚಿಹಿಡಿಯುವ ಹಾಫ್ ನಟ್ಟನ್ನು ನಡುವೆ ಬಿಡಿಸುವಂತಿಲ್ಲ. ಬಿಡಿಸಿದರೆ ಕಟರ್ ಮತ್ತೆ ಅದೇ ಸಾಲಿಗೆ ಬೀಳುವ ಭರವಸೆಯಿಲ್ಲ. ಕೈಯಿಂದ ಮುಂದಕ್ಕೆ ತಿರುಗಿಸಿ ಒಳಗೆ ಹೋಗುವುದು, ಕಟರನ್ನು ಗೋಡೆಯಿಂದ ಹಿಂದೆಗೆದು ಅದೇ ಕೈಯಿಂದ ಹಿಂದಕ್ಕೆ ತಿರುಗಿಸಿ ಹೊರಬರುವುದು, ಇನ್ನಷ್ಟು ಕಟ್ ಕೊಟ್ಟು ಮತ್ತೆ ಒಳಗೆ. ಕೊನೆಯ ಕಟ್‌ಗಳಲ್ಲಿ ಪ್ರತಿ ಸಲವೂ ಪಿನ್ ಹಾಕಿ ನೋಡಿದೆವು. ಎರಡು ಬೆರಳಿನಲ್ಲಿ ತಿರುಗಿ, ಅಲುಗಾಡಿಸಿದರೆ ಅಲುಗದೆ ನಿಂತಾಗ ನಿಲ್ಲಿಸಿದೆವು. ಇನ್ನೂ ಬಿಗಿಯಾಗಿದ್ದರೆ ಎಪಾಕ್ಸಿಗೆ ಜಾಗವಿರುವುದಿಲ್ಲ.

ತಳ ಮುಚ್ಚಿರುವ ರಂಧ್ರದಲ್ಲಿ ಪಿನ್ ಇಳಿಸುವಾಗ ಗಾಳಿ ಮತ್ತು ಅಂಟು ಕೆಳಗೆ ಸಿಕ್ಕಿ ಪಿಸ್ಟನ್‌ನಂತೆ ಪಿನ್ನನ್ನು ಮೇಲಕ್ಕೆ ತಳ್ಳುತ್ತವೆ. ಇದನ್ನು ತಪ್ಪಿಸಲು ಪಿನ್ನಿನ ಒಳಭಾಗದ ಥ್ರೆಡ್‌ಗೆ ಅರದಿಂದ ಉದ್ದಕ್ಕೊಂದು ಚಪ್ಪಟೆ ದಾರಿ ಮಾಡಿ, ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ ಸವರಿ, ಪಿನ್ನನ್ನು ಆತುರವಿಲ್ಲದೆ ಇಳಿಸಿದೆವು. ಅಂಟು ಹಸಿಯಿದ್ದಾಗಲೇ ಪಿನ್ನಿನ ತುದಿಗೆ ಡಯಲ್ ಹಿಡಿದಾಗ 0.03 ತೋರಿಸಿತು. ಮರುದಿನ ಅದೇ ಹಿಡಿತದಲ್ಲಿ ಮುಖವನ್ನು ತೆಳ್ಳಗೆ ಸವರಿ, ಪಿನ್ನಿನ ಬುಡದ ಸುತ್ತ ಒಂದಿಷ್ಟು ತಗ್ಗು ಮಾಡಿದೆವು. ಶಾಫ್ಟ್ ಒರಗಬೇಕಾದದ್ದು ಹೊರಗಿನ ಬಳೆಯ ಮೇಲೆ. ಪಿನ್ನಿನ ಬುಡದಲ್ಲಿ ಉಳಿದ ಒಂದು ಕಣ ಎಪಾಕ್ಸಿಯೂ ಮುಖವನ್ನು ಎತ್ತಿಹಿಡಿಯಬಲ್ಲದು.

ಶಾಫ್ಟ್‌ನ ಸಡಿಲಕ್ಕೆ ಈಗ ಅರ್ಥ ಸಿಕ್ಕಿತ್ತು. ಓರೆ ಪಿನ್ ಪ್ರತಿ ಸಲ ಒಳಹೋಗುವಾಗಲೂ ಬಾಯಿಯ ಥ್ರೆಡ್ ಜಜ್ಜಿ ಅದನ್ನು ಗಂಟೆಯ ಬಾಯಿಯಂತೆ ಅಗಲಿಸಿತ್ತು. ಅದನ್ನೂ ಇದೇ ಕ್ರಮದಲ್ಲಿ ಬೋರ್ ಮಾಡಿ, ಬೆಣೆ ಹಾಕಿ, ಮತ್ತೆ ಥ್ರೆಡ್ ಮಾಡಬೇಕಾಯಿತು. ಮೇಪಲ್‌ನೊಳಗಿನ ಥ್ರೆಡ್‌ಗೆ ನೀರಿನಂತಿರುವ ತೆಳು ಸೂಪರ್ ಗ್ಲೂ ಹೀರಿಸಿ, ಗಟ್ಟಿಯಾದ ಮೇಲೆ ಕಟರನ್ನು ಅದೇ ಅಳತೆಯಲ್ಲಿ ಇನ್ನೊಮ್ಮೆ ಓಡಿಸಿದೆವು.

ಆದರೆ ಶಾಫ್ಟ್‌ನಲ್ಲಿ ನಾವು ಬೇಕೆಂದೇ ತಡಮಾಡಿದೆವು. ಕೆಲಸ ನಡೆದದ್ದು ಮಳೆಗಾಲದಲ್ಲಿ. ಒಣಗಿಸಿ ತಂದ ಮೇಪಲ್‌ನಲ್ಲಿ ಎಂಟು ಶೇಕಡದಷ್ಟು ತೇವವಿದ್ದರೆ, ಬೆಂಗಳೂರಿನ ಜುಲೈ ಗಾಳಿಯಲ್ಲಿ ಅದು ಹನ್ನೆರಡರ ಆಸುಪಾಸಿಗೆ ಏರುತ್ತದೆ. ಹಾರ್ಡ್ ಮೇಪಲ್ ಹಸಿಯಿಂದ ಪೂರ್ತಿ ಒಣಗುವವರೆಗೆ ಉಂಗುರಗಳ ಗುಂಟ ಶೇ. 9.9, ಉಂಗುರಗಳಿಗೆ ಅಡ್ಡವಾಗಿ ಶೇ. 4.8 ಕುಗ್ಗುವ ಮರ. ಈ ಲೆಕ್ಕದಲ್ಲಿ ನಾಲ್ಕು ಶೇಕಡ ತೇವ ಏರಿದಾಗ 7.7 ಮಿ.ಮೀ. ರಂಧ್ರ ಒಂದು ದಿಕ್ಕಿನಲ್ಲಿ ಸುಮಾರು 0.10, ಇನ್ನೊಂದರಲ್ಲಿ 0.05 ಹಿಗ್ಗುತ್ತದೆ. ಒಣಮರದಲ್ಲಿ ದುಂಡಗೆ ಕೊರೆದದ್ದು ಮಳೆಗಾಲದಲ್ಲಿ ಮೊಟ್ಟೆಯಾಕಾರವಾಗುತ್ತದೆ ಎಂದರ್ಥ. ಆದ್ದರಿಂದ ಬೆಣೆ ಹಾಕಿ, ಒಂದು ಮಿ.ಮೀ. ಕಡಿಮೆ ವ್ಯಾಸಕ್ಕೆ ಒರಟಾಗಿ ಬೋರ್ ಮಾಡಿ, ಶಾಫ್ಟನ್ನು ಕೆಲವು ವಾರ ಕಾರ್ಯಾಗಾರದಲ್ಲೇ ನೇತುಹಾಕಿ, ಅದರ ತೂಕ ಬದಲಾಗುವುದು ನಿಂತ ಮೇಲೆ ಕೊನೆಯ ಬೋರ್ ಮತ್ತು ಥ್ರೆಡ್ ಮಾಡಿದೆವು. ಆಟಗಾರರಿಗೆ ಈ ವಿಳಂಬ ಹಿಡಿಸಲಿಲ್ಲ. ಕಾರಣ ವಿವರಿಸಿದ ಮೇಲೆ ಒಪ್ಪಿದರು.

ಜೋಡಿಸಿ ಉರುಳಿಸಿದಾಗ ತುದಿಯ ಓಲಾಟ ಅರ್ಧ ಮಿ.ಮೀ.ಗಿಂತ ಕಡಿಮೆಯಾಯಿತು, ಅದು ಶಾಫ್ಟ್‌ನ ಸ್ವಂತ ಬಾಗು, ಜೋಡಣೆಯದಲ್ಲ. ಫೀಲರ್ ಗೇಜ್‌ನ ಅತಿ ತೆಳು ಎಲೆಯೂ ತೂರಲಿಲ್ಲ. ಝೇಂಕಾರ ನಿಂತಿದೆಯೆಂದು ಆಟಗಾರರು ಮೇಜಿನ ಬಳಿಯೇ ಹೇಳಿದರು. ಕೆಲವು ತಯಾರಕರು ಶಾಫ್ಟ್‌ನ ಥ್ರೆಡ್ಡನ್ನು ಬಲವಂತವಾಗಿ ತಿರುಗಿಸಬೇಕಾದಷ್ಟು ಬಿಗಿಯಾಗಿ ಮಾಡುತ್ತಾರೆ, ಹೊಡೆತದ ಅನುಭವ ಅದರಿಂದ ಹೆಚ್ಚುತ್ತದೆಂದು ನಂಬುತ್ತಾರೆ. ಈ ಕ್ಯೂಗೆ ನಾವು ಹಾಗೆ ಮಾಡಲಿಲ್ಲ. ಬಿಗಿ ಥ್ರೆಡ್ ಮುಖಗಳನ್ನು ಅವುಗಳ ಪಾಡಿಗೆ ಕೂರಲು ಬಿಡುವುದಿಲ್ಲ, ಪಿನ್ನಿನಲ್ಲಿ ಉಳಿದಿರಬಹುದಾದ ಸಣ್ಣ ತಪ್ಪನ್ನೂ ಶಾಫ್ಟ್‌ಗೆ ದಾಟಿಸುತ್ತದೆ ಎಂಬುದು ನನ್ನ ಅಭಿಪ್ರಾಯ.

ಕ್ಯೂ ಹಿಂತಿರುಗಿಸುವಾಗ ಅದರ ಚೀಲದಲ್ಲಿ ಒಂದು ಚೀಟಿ ಇಟ್ಟೆವು: ಪಿನ್ 3/8-10, ಅಳೆದ ಒಳವ್ಯಾಸ 7.70 ಮಿ.ಮೀ.; ಬಟ್ ಮತ್ತು ಶಾಫ್ಟ್ ಎರಡರಲ್ಲೂ 12.7 ಮಿ.ಮೀ. ಮೇಪಲ್ ಬೆಣೆ ಇದೆ. ಬಟ್‌ನ ಬಾಯಿಯಲ್ಲಿ 6 ಮಿ.ಮೀ. ಆಳದ ನುಣುಪು ಬೋರ್ ಇದೆ. ಮುಂದೆ ಇದಕ್ಕೆ ಎರಡನೆಯ ಶಾಫ್ಟ್ ಮಾಡುವವರು ಹಳೆಯ ಶಾಫ್ಟನ್ನಲ್ಲ, ಈ ಪಿನ್ನನ್ನು ಅಳೆದು ರಂಧ್ರದ ವ್ಯಾಸ ನಿರ್ಧರಿಸಬೇಕು ಎಂದೂ ಅದರಲ್ಲಿ ಬರೆದಿದ್ದೇವೆ.